ಮೇಲಿನ ಕೆರೆಯ ಕೂಗು

ಕುರ್ಬ್ ಕೆರೆಯ ತೂಬನ್ನು ಆ ವರ್ಷ ತೆರೆದದ್ದು ಕೆರೆಯ ಒಡತಿ ಫ್ಲಾವಿಯಲ್ಲ, ಅವಳ ಅಣ್ಣ ಆಂತೆಲ್ಮ್. "ಭುಜ ನೋವು ಅಂತ ಬೆಳಿಗ್ಗೆಯಿಂದ ರಾಗ ಎಳೀತಿದ್ಯಲ್ಲ, ಕೊಡಿಲ್ಲಿ" ಎಂದು ಕಬ್ಬಿಣದ ಹಿಡಿಕೆಯನ್ನು ಅವಳ ಕೈಯಿಂದ ಕಿತ್ತುಕೊಂಡು, ತೂಬಿನ ತಿರುಪಿಗೆ ಸಿಕ್ಕಿಸಿ, ಏದುಸಿರು ಬಿಡುತ್ತ ತಿರುಗಿಸಿದ್ದ. ಏರಿಯ ಹೊಟ್ಟೆಯೊಳಗಿಂದ ನೀರು ಭೋರ್ಗರೆದು ಆಚೆಯ ಕಾಲುವೆಗೆ ಬಿದ್ದಾಗ ಚಪ್ಪಾಳೆ ತಟ್ಟಿದವನೂ ಅವನೇ. ಆಮೇಲೆ ಆ ಚಪ್ಪಾಳೆ ನೆನಪಾದಾಗಲೆಲ್ಲ ಫ್ಲಾವಿಗೆ ಮೈಯೆಲ್ಲ ಉರಿಯುತ್ತಿತ್ತು.

ಲಿಯೋನ್ ನಗರಕ್ಕೆ ಹತ್ತಿರದ ಈ ದೋಂಬ್ ಸೀಮೆಯಲ್ಲಿ ಒಂದೊಂದು ಕೆರೆಯೂ ಒಂದೊಂದು ಮನೆಯ ಸ್ವಂತ ಆಸ್ತಿ. ಮಣ್ಣಿನ ಏರಿ, ಓಕ್ ಮರದ ತೂಬು, ಕೋಡಿ, ಅದರೊಳಗಿನ ಗೆಂಡೆ ಮೀನು ಎಲ್ಲ ಆ ಮನೆಯವರದೇ. ನೀರು ಮಾತ್ರ ಹಾಗಲ್ಲ. ಹೊಳೆಯಿಲ್ಲದ ಸೀಮೆ ಇದು. ಮಳೆ ಸುರಿದದ್ದು, ಮೇಲಿನ ಕೆರೆಯವರು ಬಿಟ್ಟದ್ದು, ಇಷ್ಟೇ ಗತಿ. ಅದಕ್ಕೆ ಹಳೆಯ ಕಾಲದಿಂದ ಒಂದು ಕ್ರಮ ನಡೆದುಬಂದಿದೆ. ಶರತ್ಕಾಲದಲ್ಲಿ ಕೆಳಗಿನವರು ಮೊದಲು ಕೆರೆ ಬರಿದು ಮಾಡಿ ಮೀನು ಹಿಡಿಯಬೇಕು. ಅದು ಮುಗಿದ ಮೇಲೆ ಮೇಲಿನವರು ತೂಬು ತೆರೆದು ತಮ್ಮ ಮೀನು ಹಿಡಿಯುತ್ತಾರೆ, ಆ ನೀರು ಇಳಿದು ಬಂದು ಕೆಳಗಿನ ಕೆರೆ ತುಂಬುತ್ತದೆ. ಅಂದರೆ ಕೆಳಗಿನವರು ಇದ್ದಬದ್ದ ನೀರನ್ನೆಲ್ಲ ಚೆಲ್ಲಿ, ಕೆಸರಿನ ಮುಂದೆ ನಿಂತು ಮೇಲಕ್ಕೆ ನೋಡಬೇಕು. ಇದಕ್ಕೆ ಯಾರೂ ಕರಾರು ಬರೆಸಿಕೊಂಡವರಲ್ಲ. ನಾಳೆ ಬೆಳಗಾಗುತ್ತದೆ ಎನ್ನುವುದಕ್ಕೆ ಯಾರಾದರೂ ಕರಾರು ಬರೆಸುತ್ತಾರೆಯೇ?

ಮೇಲಿನ ವೆರ್ನೇ ಕೆರೆ ಆಂತೆಲ್ಮ್‌ನದು, ಕೆಳಗಿನ ಕುರ್ಬ್ ಫ್ಲಾವಿಯದು. ಎರಡೂ ಒಂದು ಕಾಲದಲ್ಲಿ ಅಪ್ಪನವೇ. ಅವನು ಸಾಯುವ ಮುಂಚೆ ಮಗನಿಗೊಂದು ಮಗಳಿಗೊಂದು ಎಂದು ಪಾಲು ಮಾಡಿದ್ದ. ಎಲ್ಲ ಎರಡಾಯಿತು, ತೂಬಿನ ಹಿಡಿಕೆಯೊಂದನ್ನು ಬಿಟ್ಟು. ಎರಡು ತೂಬಿಗೂ ಹೊಂದುವ ಆ ಒಂದೇ ಹಿಡಿಕೆಯನ್ನು ಎತ್ತಿ ತೋರಿಸಿ ಮುದುಕ, "ಇದು ಒಂದೇ ಇರ್ಲಿ. ಇದಕ್ಕೋಸ್ಕರನಾದ್ರೂ ವರ್ಷಕ್ಕೊಂದ್ಸಲ ಒಬ್ಬರ ಮನೆಗೆ ಒಬ್ಬರು ಹೋಗ್ತೀರಿ" ಎಂದಿದ್ದ.

ಇನ್ನೊಂದನ್ನೂ ಅವನು ಇಬ್ಬರಿಗೂ ಚಿಕ್ಕಂದಿನಲ್ಲೇ ರೂಢಿ ಮಾಡಿಸಿದ್ದ. ವೆರ್ನೇ ತೂಬು ತೆರೆದವರು ಏರಿಯ ಮೇಲೆ ನಿಂತು "ಬಿಟ್ಟೇ!" ಎಂದು ಕೂಗಬೇಕು. ನೀರು ಕಾಲುವೆ ಹಿಡಿದು ಬಂದು ಕುರ್ಬ್‌ಗೆ ಬಿದ್ದಾಗ ಕೆಳಗಿನವರು "ಬಂತೂ!" ಎನ್ನಬೇಕು. ಆ ಉತ್ತರ ಕಿವಿಗೆ ಬೀಳುವ ತನಕ ಮೇಲಿನವರು ತೂಬು ಬಿಟ್ಟು ಕದಲುವಂತಿಲ್ಲ. ನಡುವೆ ಮರ ಬಿದ್ದು ಕಾಲುವೆ ಕಟ್ಟಿಕೊಂಡಿದ್ದರೆ ನೀರು ಇನ್ನೊಬ್ಬರ ಹೊಲಕ್ಕೆ ನುಗ್ಗುತ್ತದಲ್ಲ, ಅದಕ್ಕೆ. ಈ ಎರಡು ಕೂಗಿಗೆ ಆಂತೆಲ್ಮ್ ಹುಡುಗನಾಗಿದ್ದಾಗಲೇ ಮೂರನೆಯದೊಂದನ್ನು ಸೇರಿಸಿದ್ದ. ತಂಗಿ "ಬಂತೂ!" ಎಂದ ಕೂಡಲೇ ಮೇಲಿನಿಂದ "ಹೊಟ್ಟೆ ತುಂಬಾ ಕುಡೀ!" ಎಂದು ಅರಚುತ್ತಿದ್ದ. ತಲೆ ನರೆತ ಮೇಲೂ ಅರಚುತ್ತಿದ್ದ. ಫ್ಲಾವಿಗೆ ವರ್ಷದ ಸಡಗರವೆಂದರೆ ಅದೇ. ಅವಳು ಮದುವೆಯಾಗಿರಲಿಲ್ಲ. ಮೀನಿನ ವಾಸನೆ ಸಹಿಸೋ ಗಂಡು ಸಿಗಲಿಲ್ಲ ಎಂದು ತಾನೇ ಹೇಳಿಕೊಂಡು ನಗುವವಳು. ಲೋಕದಲ್ಲಿ ಅವಳಿಗಿದ್ದ ಒಬ್ಬನೇ ನಂಟ ಆಂತೆಲ್ಮ್.

ನಿಜ ಹೇಳಬೇಕೆಂದರೆ ಆ ವರ್ಷ ಕುರ್ಬ್ ಬರಿದು ಮಾಡುವ ಯೋಚನೆಯೇ ಅವಳಿಗಿರಲಿಲ್ಲ. ಅದರ ಹಿಂದಿನ ವರ್ಷ ಕೆರೆಯನ್ನು ಒಣ ಬಿಟ್ಟು, ತಳದಲ್ಲಿ ಓಟ್ಸ್ ಬಿತ್ತಿ, ಕಣಜ ತುಂಬಿಸಿಕೊಂಡಿದ್ದಳು. ಹೊಸ ನೀರಿಗೆ ಬಿಟ್ಟ ಗೆಂಡೆಗಳು ಇನ್ನೊಂದು ಬೇಸಿಗೆ ಮೇಯಲಿ ಎಂದುಕೊಂಡಿದ್ದಳು. ಆಂತೆಲ್ಮ್ ಬಿಡಲಿಲ್ಲ. ಬಂದು ಬಂದು ತಲೆ ತಿಂದ.

"ಯಾರಿಗೆ ಬೆಳೆಸ್ತೀಯೇ ಆ ಮೀನನ್ನ? ನೀರುಕಾಗೆಗಳಿಗಾ? ಹೋದ ಚಳಿಗಾಲದಲ್ಲಿ ಪಕ್ಕದ ಕ್ಲೋವಿಸ್ ಕೆರೇಲಿ ಒಂದು ಮೀನೂ ಬಿಡ್ದೆ ತಿಂದ್ವು, ನೋಡ್ಲಿಲ್ವಾ? ಈಗ್ಲೇ ಹಿಡಿದುಬಿಡು. ನಾನೂ ವೆರ್ನೇ ಬಿಡ್ತೀನಿ, ಕ್ರಿಸ್‌ಮಸ್‌ಗೆ ಮುಂಚೆ ನಿನ್ ಕೆರೆ ತುಂಬಿರುತ್ತೆ. ನಿನ್ ಮರಿಗಳೂ ಜಾಗ ಸಾಲ್ದೆ ಒದ್ದಾಡ್ತಿದಾವೆ."

ಆ ಕೊನೆಯ ಮಾತು ನಾಟಿತು. ಮನೆಯ ಹಿಂದಿನ ಗುಂಡಿಯಲ್ಲಿ ಅವಳು ಅಪ್ಪನ ಕಾಲದ ತಳಿಯ ಗೆಂಡೆಮರಿಗಳನ್ನು ಸಾಕುತ್ತಿದ್ದಳು. ಬೆನ್ನು ಎತ್ತರದ, ಪಕ್ಕೆ ಹೊಂಬಣ್ಣದ ಆ ತಳಿ ಸುತ್ತಮುತ್ತ ಬೇರೆ ಯಾರ ಬಳಿಯೂ ಇರಲಿಲ್ಲ. ಚಳಿ ಮುಗಿಯುವುದರೊಳಗೆ ಅವನ್ನು ದೊಡ್ಡ ನೀರಿಗೆ ಬಿಡಬೇಕು. ಬಿಸಿಲು ಏರಿತೆಂದರೆ ಆ ಇಕ್ಕಟ್ಟಿನಲ್ಲಿ ಉಸಿರು ಕಟ್ಟಿ ಎಲ್ಲ ತೇಲಿಬಿಡುತ್ತವೆ, ತಳಿಯೇ ಮುಗಿದುಹೋಗುತ್ತದೆ. ಅಣ್ಣ ಹೇಳುವುದು ಸರಿಯೇ ಅನ್ನಿಸಿ ಅವಳು ಹೂಂ ಎಂದಳು.

ಮೀನು ಹಿಡಿಯುವ ದಿನ ನೆರೆಯವರೆಲ್ಲ ಸೊಂಟದವರೆಗಿನ ರಬ್ಬರ್ ಬೂಟು ತೊಟ್ಟು ಬಂದರು. ತೂಬಿನ ಮುಂದಿನ ಮಡುವಿನಲ್ಲಿ ದೊಡ್ಡ ಬಲೆ ಎಳೆಯುವಾಗ ಎಲ್ಲರಿಗಿಂತ ಮುಂದೆ ಆಂತೆಲ್ಮ್. ಪಕ್ಕದ ಕೆರೆಯ ಕ್ಲೋವಿಸ್ ಕೆಸರಲ್ಲಿ ಕಾಲು ಜಾರಿ ಕುಂಡೆಯೂರಿ ಕೂತಾಗ, "ಎಷ್ಟು ದಪ್ಪ ಗೆಂಡೆ ಸಿಕ್ತು ನೋಡ್ರೋ, ಇದನ್ನ ಯಾರೂ ಕೊಳ್ಳಲ್ಲ, ವಾಪಸ್ ಬಿಡಿ" ಎಂದು ಕೆರೆಯೆಲ್ಲ ನಗುವಂತೆ ಮಾಡಿದ. ಮಧ್ಯಾಹ್ನ ಫ್ಲಾವಿ ಎಲ್ಲರನ್ನೂ ಉದ್ದನೆಯ ಮೇಜಿಗೆ ಕೂರಿಸಿ, ಕೆನೆಯಲ್ಲಿ ಬೇಯಿಸಿದ ಕೋಳಿ, ಕರಿದ ಗೆಂಡೆ, ಸಕ್ಕರೆ ಬೆಣ್ಣೆ ಹಾಕಿ ಸುಟ್ಟ ದಪ್ಪ ರೊಟ್ಟಿ ಬಡಿಸಿದಳು. ಆಂತೆಲ್ಮ್ ಎರಡೆರಡು ಸಲ ಹಾಕಿಸಿಕೊಂಡು ಉಂಡ. ಎದ್ದು ಹೋಗುವಾಗ ಹಿಡಿಕೆಯನ್ನು ಹೆಗಲಿಗೇರಿಸಿಕೊಂಡು, "ನಿನ್ ತೂಬು ಹಾಗೇ ತೆರೆದಿರ್ಲಿ, ಮೊದಲ ನೀರು ಕೆಸರು ತೊಳ್ಕೊಂಡು ಹೋಗ್ಲಿ, ಆಮೇಲೆ ನಾನೇ ಬಂದು ಮುಚ್ತೀನಿ. ಸೋಮವಾರ ಕಿವಿ ತೆರೆದಿಟ್ಕೊಂಡಿರು" ಎಂದು ತಂಗಿಯ ಎರಡೂ ಕೆನ್ನೆಗೆ ಮುತ್ತಿಟ್ಟ.

ಸೋಮವಾರ ಅವಳು ಗುದ್ದಲಿ ಹಿಡಿದು ಕಾಲುವೆಯ ಉದ್ದಕ್ಕೂ ಬಿದ್ದ ಎಲೆ, ಕಡ್ಡಿ ಬಾಚಿ ಹಾಕಿ ಏರಿಯ ಮೇಲೆ ಕಾದು ನಿಂತಳು. ಕೂಗು ಬರಲಿಲ್ಲ. ಮೀನು ಕೊಳ್ಳುವವನ ಲಾರಿ ಕೆಟ್ಟಿದೆಯಂತೆ ಎಂದ ಆಂತೆಲ್ಮ್. ಮುಂದಿನ ವಾರ ಕೇಳಿದರೆ ಸೊಂಟ ಹಿಡಿದುಕೊಂಡಿದೆ ಎಂದ. ಪಾಪ ಎಂದು ಅವಳು ಸೊಂಟಕ್ಕೆ ಕಟ್ಟಲು ಉಣ್ಣೆಯ ಪಟ್ಟಿ ಕೊಟ್ಟು ಬಂದಳು, ಜೊತೆಗೆ ಒಂದು ಸೀಸೆ ಜೇನು. ಅದರ ಮುಂದಿನ ವಾರ ಮಂಜು ಹೆಚ್ಚು, ಬಲೆ ಎಳೆಯಲು ಜನ ಸಿಗಲ್ಲ ಎಂದ.

ದಾರಿಯಲ್ಲಿ ಸಿಕ್ಕ ಕ್ಲೋವಿಸ್ ಟೋಪಿ ಹಿಂದಕ್ಕೆ ತಳ್ಳಿ ತಲೆ ಕೆರೆದುಕೊಂಡ. "ಇಷ್ಟು ತಡ ಯಾವತ್ತಾದ್ರೂ ಆಗಿದ್ದುಂಟಾ ಫ್ಲಾವಿ? ನನಗೇನೋ ಸರಿ ಕಾಣ್ತಿಲ್ಲಪ್ಪ."

"ನಿನಗೆ ಏನು ತಾನೇ ಸರಿ ಕಾಣುತ್ತೆ?" ಎಂದು ಅವಳು ಅವನ ಮೇಲೇ ಎಗರಿಬಿದ್ದಳು. "ನಮ್ಮಣ್ಣ ಹಂಗಲ್ಲ. ಅವನ ಸೊಂಟ ಸರಿಯಿಲ್ಲ."

ಕ್ಲೋವಿಸ್ ಟೋಪಿ ಮುಂದಕ್ಕೆ ಎಳೆದುಕೊಂಡು ಹೋದ. ಅಣ್ಣನ ಪರ ಹೀಗೆ ಜಗಳಕ್ಕೆ ನಿಂತದ್ದನ್ನು ನೆನೆದು ಆಮೇಲೆ ಅವಳಿಗೆ ಎಷ್ಟು ನಾಚಿಕೆಯಾಯಿತೋ ದೇವರಿಗೇ ಗೊತ್ತು.

ಒಂದು ಶನಿವಾರ ಸಂಜೆ, ಬೆಳಕಿರುವಾಗಲೇ, ಮೇಲಿನಿಂದ ಬಂದೂಕಿನ ಸದ್ದು ಕೇಳಿಸಿತು. ಒಂದಲ್ಲ ಎರಡಲ್ಲ, ಜೋಳ ಹುರಿದ ಹಾಗೆ ಬಿಡದೆ. ವೆರ್ನೇಯಲ್ಲಾಗಲಿ ಕುರ್ಬ್‌ನಲ್ಲಾಗಲಿ ಅಪ್ಪ ಯಾವತ್ತೂ ಬಾತುಬೇಟೆಗೆ ಬಿಟ್ಟವನಲ್ಲ. ಫ್ಲಾವಿ ಕಾಲುವೆಯ ದಂಡೆ ಹಿಡಿದು ಸರಸರ ಮೇಲೆ ಹೋದಳು. ವೆರ್ನೇ ಏರಿಯ ಕೆಳಗೆ ನಾಲ್ಕಾರು ದೊಡ್ಡ ಕಾರುಗಳು. ಕೆರೆ ತುಂಬಿ ತುಳುಕುತ್ತಿತ್ತು. ಅಂಚಿನಲ್ಲಿ ಹೊಸದಾಗಿ ಹಲಗೆ ಬಡಿದು ಕಟ್ಟಿದ ಅಡಗುತಾಣಗಳು. ಒಬ್ಬ ನೀಟಾದ ಮನುಷ್ಯ ಸತ್ತ ಬಾತುಗಳನ್ನು ಏರಿಯ ಹುಲ್ಲಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದವನು ಅವಳನ್ನು ಕಂಡು ಟೋಪಿ ತೆಗೆದ. ಲಿಯೋನ್ ನಗರದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಶಾರ್ವೆ ಎಂಬಾತ ಅವನು.

"ನಮಸ್ಕಾರ ಮದಾಮ್. ಕೆಳಗಿನ ಕೆರೆಯವರು ನೀವೇ ಅಲ್ವಾ? ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು."

"ಧನ್ಯವಾದ ಯಾತಕ್ಕೆ ಮೊಸ್ಯೂ?"

"ನಿಮ್ಮ ಕೆರೆ ಖಾಲಿ ಮಾಡಿಕೊಟ್ಟಿರಲ್ಲ. ಬಾತುಗಳಿಗೆ ನಿಮ್ಮ ಕೆರೆಯ ಜೊಂಡೇ ಇಷ್ಟವಂತೆ. ಅಲ್ಲಿ ನೀರಿದ್ದರೆ ಇಲ್ಲಿಗೆ ಒಂದೂ ಇಳಿಯೋಲ್ಲ ಅಂತ ನಾವು ಈ ಕೆರೆ ಗುತ್ತಿಗೆ ಹಿಡಿಯೋಕೆ ಹಿಂದೆಮುಂದೆ ನೋಡ್ತಿದ್ವಿ. ಕೆಳಗಿನದು ಈ ಸಲ ಬರಿದಾಗುತ್ತೆ, ಮತ್ತೆ ತುಂಬೋದೂ ಇಲ್ಲ, ಅದು ನನ್ನ ಜವಾಬ್ದಾರಿ ಅಂತ ನಿಮ್ಮ ಅಣ್ಣ ಬೇಸಿಗೆಯಲ್ಲೇ ಮಾತು ಕೊಟ್ಟರು. ಮಾತಿಗೆ ತಪ್ಪದ ಮನುಷ್ಯ ಬಿಡಿ."

ಬೇಸಿಗೆಯಲ್ಲೇ. ಅಂದರೆ ನೀರುಕಾಗೆಯ ಮಾತೆತ್ತುವ ಮುಂಚೆ, ಮರಿಗಳು ಒದ್ದಾಡುತ್ತಿವೆ ಎಂದು ಮರುಗುವ ಮುಂಚೆ. ಅಣ್ಣ ನೀರು ಕೊಡಲಿಲ್ಲ, ಅದು ಒಂದು. ಇದ್ದ ನೀರನ್ನೂ ಅವಳ ಹಿತಕ್ಕೆಂದೇ ಹೇಳಿ ಅವಳ ಕೈಯಿಂದಲೇ ಚೆಲ್ಲಿಸಿದ್ದ. ಕೈಯಿಂದಲೂ ಅಲ್ಲ, ಹಿಡಿಕೆ ಕಸಿದುಕೊಂಡು ತಾನೇ ಚೆಲ್ಲಿದ್ದ. ಆಮೇಲೆ ಅವಳ ಮೇಜಿನಲ್ಲಿ ಕೂತು ಎರಡು ಸಲ ಕೋಳಿ ಹಾಕಿಸಿಕೊಂಡಿದ್ದ.

ಅಷ್ಟರಲ್ಲಿ ಆಂತೆಲ್ಮ್ ಹಲಗೆಗಳ ಹಿಂದಿನಿಂದ ನಾಯಿಯ ಜೊತೆ ಹೊರಬಂದ. ಅವಳನ್ನು ನೋಡಿದವನೇ ಸೊಂಟಕ್ಕೆ ಕೈ ಕೊಟ್ಟುಕೊಂಡ.

"ಕೈ ತೆಗಿ. ನಿನ್ ಸೊಂಟ ಚೆನ್ನಾಗೇ ಇದೆ" ಎಂದಳು ಫ್ಲಾವಿ. "ತೂಬು ತೆರೆ, ಆಂತೆಲ್ಮ್."

"ಜನರ ಮುಂದೆ ಗಲಾಟೆ ಬೇಡ ಕಣೇ. ಸ್ವಲ್ಪ ಕಾಲ ಒಣ ಬಿಡು, ಓಟ್ಸ್ ಬಿತ್ತು. ಪ್ರಪಂಚ ಏನು ಮುಳುಗಿಹೋಗಲ್ಲ."

"ಹೋದ್ ಸಲ ಬಿತ್ತಿದ್ದೇ ಇನ್ನೂ ಕಣಜದಲ್ಲಿದೆ. ನನ್ ಮರಿಗಳನ್ನ ಏನು ಓಟ್ಸ್ ಹೊಲದಲ್ಲಿ ಬಿಡ್ಲಾ?"

"ನನ್ ಕೆರೆಗೇ ತಂದು ಬಿಡು. ಹೇಗೂ ತುಂಬಿದೆ. ಅರ್ಧ ನಿನಗೆ, ಅರ್ಧ ನನಗೆ."

ಇದನ್ನು ಅವನು ದೊಡ್ಡ ಮನಸ್ಸು ಮಾಡಿ ಹೇಳಿದವನ ಹಾಗೆ ಹೇಳಿದ. ಅಪ್ಪನ ತಳಿಯ ಮೇಲೂ ಇವನಿಗೆ ಕಣ್ಣಿತ್ತೆಂದು ಫ್ಲಾವಿಗೆ ಆಗ ಹೊಳೆಯಿತು. ತೂಬಿನ ಕಡೆ ಎರಡು ಹೆಜ್ಜೆ ಇಟ್ಟಳು. ಹಿಡಿಕೆ ಅಲ್ಲಿರಲಿಲ್ಲ.

"ಹುಡುಕ್ಬೇಡ, ಒಳಗಿಟ್ಟು ಬೀಗ ಹಾಕಿದೀನಿ" ಎಂದ ಆಂತೆಲ್ಮ್. "ಏರಿ ನಂದು, ತೂಬು ನಂದು, ನೀರು ನಂದು. ಮೂರು ವರ್ಷಕ್ಕೆ ಗುತ್ತಿಗೆ ಕೊಟ್ಟಿದೀನಿ, ಅಲ್ಲೀತನಕ ತೆರೆಯೋ ಹಂಗಿಲ್ಲ. ಬೇಕಿದ್ರೆ ಕೋರ್ಟಿಗೆ ಹೋಗು."

ಕೋರ್ಟಿಗೆ ಹೋಗಿ ಏನೆಂದು ಹೇಳುವುದು? ಅಪ್ಪ ಹೀಗಂದಿದ್ದ, ನಾವು ಹೀಗೆ ಕೂಗುತ್ತಿದ್ದೆವು ಎಂದೇ? ಶಾರ್ವೆ ಮಾತ್ರ ಟೋಪಿ ಕೈಯಲ್ಲಿ ಹಿಡಿದು ಇಬ್ಬರ ಮುಖವನ್ನೂ ನೋಡುತ್ತ ಪೆಚ್ಚಾಗಿ ನಿಂತಿದ್ದ. ಫ್ಲಾವಿ ಬಂದ ದಾರಿಯಲ್ಲೇ ಇಳಿದು ಹೋದಳು. ಮನೆ ಮುಟ್ಟುವ ತನಕ ಅಳು ತಡೆದುಕೊಂಡಳು, ಬಾಗಿಲು ಹಾಕಿದ ಮೇಲೆ ಮನಸಾರೆ ಅತ್ತಳು.

ಮಾರನೆಯ ಬೆಳಿಗ್ಗೆ ಎದ್ದು ಜೇಡಿಮಣ್ಣು ಕಲಸಿದಳು. ಕುರ್ಬ್‌ನ ತೂಬು ಆಂತೆಲ್ಮ್ ತೆರೆದಿಟ್ಟ ಹಾಗೇ ಬಾಯಿ ಬಿಟ್ಟುಕೊಂಡಿತ್ತು, ಮುಚ್ಚಲು ಹಿಡಿಕೆಯಿಲ್ಲ. ಒಣಗಿದ ಕೆರೆಯೊಳಕ್ಕೆ ಇಳಿದು, ಹುಲ್ಲಿನ ಪಿಂಡಿಗೆ ಜೇಡಿ ಮೆತ್ತಿ, ತೂಬಿನ ಬಾಯಿಗೆ ತುರುಕಿ, ಕಾಲಿಂದ ತುಳಿದು ತುಳಿದು ಬಿಗಿ ಮಾಡಿದಳು. ಆಕಾಶ ಕೊಟ್ಟದ್ದಾದರೂ ಉಳಿಯಲಿ ಎನ್ನುವುದಷ್ಟೇ ಅವಳ ಲೆಕ್ಕ. ಆ ಡಿಸೆಂಬರಿನಲ್ಲಿ ಮಳೆ ಸುಮಾರಾಗಿ ಬಂತು. ಕೆರೆಯ ತಳದಲ್ಲಿ ಮೊಣಕಾಲೂ ಮುಳುಗದಷ್ಟು ನೀರು ತೆಳ್ಳಗೆ ಹರಡಿಕೊಂಡಿತು. ಆ ನೀರಿನಲ್ಲಿ ಗೆಂಡೆ ಬದುಕುವುದು ಸುಳ್ಳು.

ಬಾತುಗಳಿಗೆ ಮಾತ್ರ ಅದೇ ಸ್ವರ್ಗವಾಯಿತು. ಒಂದು ಮುಂಜಾನೆ ಅವಳು ಹೋಗಿ ನೋಡಿದರೆ, ಆ ತೆಳ್ಳನೆಯ ನೀರಿನಲ್ಲಿ ತಲೆ ಕೆಳಗೆ ಬಾಲ ಮೇಲೆ ಮಾಡಿಕೊಂಡು ಕೆಸರಿನಲ್ಲಿ ಉಳಿದಿದ್ದ ಹಳೆಯ ಕಾಳು ಹೆಕ್ಕುತ್ತಿದ್ದವು. ಫ್ಲಾವಿ ಏರಿಯ ಮೇಲೆ ಬಹಳ ಹೊತ್ತು ನಿಂತು ನೋಡಿದಳು. ಆಮೇಲೆ ಮನೆಗೆ ಹೋಗಿ ಕಣಜದ ಬಾಗಿಲು ತೆರೆದು, ಒಂದು ಮೂಟೆ ಓಟ್ಸ್ ಕೈಗಾಡಿಗೆ ಹಾಕಿಕೊಂಡು ಬಂದು ನೀರಿಗೆ ಎರಚಿದಳು.

ಅಂದಿನಿಂದ ದಿನವೂ ಎರಚಿದಳು. ಸೀಮೆಯ ಬಾತುಗಳೆಲ್ಲ ಕುರ್ಬ್‌ಗೆ ಬಂದು ಇಳಿದವು. ಏರಿಯ ಎರಡೂ ತುದಿಗೆ ಬೇಟೆ ನಿಷೇಧ ಎಂದು ಹಲಗೆ ನೆಟ್ಟಳು. ಶನಿವಾರ ಸಂಜೆ ಮೇಲಿನಿಂದ ಸದ್ದೇ ಇಲ್ಲ. ಲಿಯೋನಿನವರು ದುಬಾರಿ ಬಂದೂಕು ಹಿಡಿದು, ಹಲಗೆಯ ಗೂಡಿನಲ್ಲಿ ನಡುಗುತ್ತ ಕೂತು, ಕೆಳಗಿನ ಕೆರೆಯ ಗಲಗಲ ಕೇಳಿಸಿಕೊಂಡು ವಾಪಸಾದರು. ಕ್ಲೋವಿಸ್‌ಗೆ ಹಿಡಿಸಲಾರದಷ್ಟು ಖುಷಿ. ತನ್ನ ಮನೆಯ ಓಟ್ಸ್ ಒಂದು ಮೂಟೆ ತಂದು ಕೊಟ್ಟು, "ನನ್ನ ಕಡೆಯಿಂದಾನೂ ಬಡಿಸು" ಎಂದ.

ಜನವರಿಯಲ್ಲಿ ಶಾರ್ವೆ ಅವಳ ಮನೆಗೇ ಬಂದ. ಟೋಪಿ ಕೈಯಲ್ಲಿ.

"ಮದಾಮ್, ಕುರ್ಬ್ ಕೆರೆಯನ್ನೂ ನಮಗೇ ಕೊಟ್ಟುಬಿಡಿ. ನಿಮ್ಮ ಅಣ್ಣನಿಗೆ ಕೊಡೋದಕ್ಕಿಂತ ಜಾಸ್ತೀನೇ ಕೊಡ್ತೀವಿ."

"ನನ್ ಕೆರೇಲಿ ಬಂದೂಕು ಸಿಡಿಯಲ್ಲ ಮೊಸ್ಯೂ."

"ಹಾಗಾದರೆ ನಾವು ವೆರ್ನೇಯಲ್ಲಿ ಕೂತು ಏನು ಮಾಡೋದು?"

"ಅಣ್ಣನ್ನ ಕೇಳಿ. ಮಾತಿಗೆ ತಪ್ಪದ ಮನುಷ್ಯ ಅಂತ ನೀವೇ ಹೇಳಿದ್ರಲ್ಲ."

ಶಾರ್ವೆ ಟೋಪಿ ಹಾಕಿಕೊಂಡು ಹೊರಟ. ತನ್ನಿಂದ ಏನು ನಡೆದುಹೋಗಿದೆಯೆಂದು ಅವನಿಗೂ ತಿಳಿಯದೆ ಇರಲಿಲ್ಲ. ಬೇಟೆಯ ಕಾಲ ಮುಗಿಯುತ್ತಲೇ ಅವನೂ ಅವನ ಗೆಳೆಯರೂ ಗುತ್ತಿಗೆ ಬಿಟ್ಟು, ಹಲಗೆಗಳನ್ನು ಬಿಚ್ಚಿಕೊಂಡು ಹೊರಟುಹೋದರು.

ಆ ವಾರವೇ ಆಂತೆಲ್ಮ್ ಅವಳ ಅಂಗಳಕ್ಕೆ ನುಗ್ಗಿದ. ಫ್ಲಾವಿ ಮರಿಗುಂಡಿಯ ಮೇಲಿನ ತೆಳು ಮಂಜುಗಡ್ಡೆ ಒಡೆಯುತ್ತಿದ್ದಳು. ಅವನು ಬರುವುದನ್ನು ಕಂಡಾಗ, ಕ್ಷಮೆ ಕೇಳಲು ಬರುತ್ತಿದ್ದಾನೆ ಎಂದು ಅವಳ ಹುಚ್ಚು ಮನಸ್ಸು ಒಂದು ಗಳಿಗೆ ನಂಬಿತು.

"ಬೆನ್ನಿಗೆ ಚೂರಿ ಹಾಕ್ದೆ ಕಣೇ ನೀನು!" ಎಂದು ಅವನು ಕೂಗಾಡಿದ. "ಒಡಹುಟ್ಟಿದವಳು ಮಾಡೋ ಕೆಲಸಾನಾ ಇದು? ಎದುರಿಗೆ ಬಂದು ಬೈಯ್ಯೋದಕ್ಕೇನಾಗಿತ್ತು? ಸದ್ದಿಲ್ದೆ ಕಾಳು ಎರಚ್ಕೊಂಡು ನನ್ ಬಾಯಿಗೆ ಮಣ್ಣು ಹಾಕಿದೆ. ನೀರು ಬೇಕು ಅಂತ ಬಾಯಿಬಿಟ್ಟು ಕೇಳಿದ್ರೆ ನಾನೇನು ಇಲ್ಲ ಅಂತಿದ್ನಾ?"

ಫ್ಲಾವಿ ಕೈಯಲ್ಲಿದ್ದ ಕೋಲು ಕೆಳಗಿಟ್ಟಳು. ಅವನ ಕಣ್ಣಲ್ಲಿ ನಿಜಕ್ಕೂ ನೀರಿತ್ತು. ನಾಟಕವಲ್ಲ. ಮೋಸ ಹೋದವನು ತಾನೇ ಎಂದು ಅವನು ಪೂರಾ ನಂಬಿಬಿಟ್ಟಿದ್ದ. ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದರಿಂದಲೇ. ತಾನು ಕಳ್ಳನೆಂದು ಗೊತ್ತಿರುವ ಅಣ್ಣನ ಜೊತೆ ಹೇಗೋ ಒಂದು ದಿನ ರಾಜಿಯಾಗಬಹುದಿತ್ತು.

"ವಾರವಾರ ಕೇಳಿದ್ನಲ್ಲೋ ಆಂತೆಲ್ಮ್" ಎಂದಳು ಮೆಲ್ಲಗೆ. "ಜೇನು ತಂದ್ಕೊಟ್ಟು ಕೇಳಿದೆ."

ಅವನು ತೋಳಿನಿಂದ ಕಣ್ಣೊರೆಸಿಕೊಂಡು ತಿರುಗಿ ಹೋದ.

ಫೆಬ್ರವರಿಯ ಕೊನೆಗೆ ಒಂದು ಬೆಳಿಗ್ಗೆ ಫ್ಲಾವಿ ಓಟ್ಸ್ ಗಾಡಿ ತಳ್ಳಿಕೊಂಡು ಏರಿಗೆ ಬಂದಾಗ ಕೆರೆಯ ಆ ತುದಿಯಲ್ಲಿ ಏನೋ ಹೊಳೆಯಿತು. ಕಾಲುವೆಯ ಬಾಯಲ್ಲಿ ಎಲೆ, ನೊರೆ, ಕಂದು ನೀರು. ಬಾತುಗಳು ಎದ್ದು ಒಂದು ಸುತ್ತು ಹಾರಿ ಆಚೆ ಬದಿಗೆ ಇಳಿದವು. ನೀರು ಜೊಂಡಿನ ಬುಡ ಸುತ್ತಿ, ಕೆಸರಿನ ಬಿರುಕುಗಳಿಗೆ ಇಳಿದು, ಹರಡುತ್ತಾ ಬಂತು. ಗುತ್ತಿಗೆ ಹೋದ ಮೇಲೆ ಆಂತೆಲ್ಮ್‌ಗೆ ಉಳಿದದ್ದು ವೆರ್ನೇಯ ಮೀನೊಂದೇ. ಅದನ್ನು ಹಿಡಿಯಬೇಕಾದರೆ ತೂಬು ತೆರೆಯದೆ ವಿಧಿಯಿರಲಿಲ್ಲ, ತೆರೆದಿದ್ದ. ಕೂಗು ಮಾತ್ರ ಹಾಕಿರಲಿಲ್ಲ.

ತನಗೇ ಕೇಳಿಸದೆ ಹೋಯಿತೇನೋ ಎಂದು ಫ್ಲಾವಿ ಒಂದು ನಿಮಿಷ ಅಂದುಕೊಂಡಳು. ಈಗಲೂ ಅವನ ಪರವಾಗಿಯೇ ನೆಪ ಹುಡುಕುತ್ತಿದ್ದೇನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಆದರೂ ಕ್ರಮ ಕ್ರಮವೇ. ಎರಡೂ ಕೈಯನ್ನು ಬಾಯಿಗೆ ಹಿಡಿದು, ಅಪ್ಪ ಕಲಿಸಿದ ಹಾಗೆ, ಉಸಿರು ಎಳೆದು ಕೂಗಿದಳು. "ಬಂತೂ!"

ಮೇಲೆ ವೆರ್ನೇ ಏರಿಯ ಮೇಲೆ ಒಬ್ಬ ಮನುಷ್ಯ ಕಂಡ. ಕೂಗು ಅವನಿಗೆ ಕೇಳಿಸಿರಲೇಬೇಕು, ನಡೆಯುತ್ತಿದ್ದವನು ನಿಂತ. ಫ್ಲಾವಿ ಕಾದಳು. ಹೊಟ್ಟೆ ತುಂಬಾ ಕುಡಿ ಎನ್ನಬೇಕಿತ್ತು ಅವನು. ಬೈದುಕೊಂಡಾದರೂ ಅನ್ನಲಿ, ಅಣಕಿಸಿಕೊಂಡಾದರೂ ಅನ್ನಲಿ, ಅಂದರೆ ತಾನು ಎಲ್ಲವನ್ನೂ ಮರೆತುಬಿಡುತ್ತೇನೆ ಎಂದು ಆ ಕ್ಷಣ ಅವಳಿಗೆ ಅನ್ನಿಸಿತು. ಅವನು ಈ ಕಡೆ ಒಂದು ಸಲ ನೋಡಿ, ಕೋಟಿನ ಕಾಲರ್ ಎಳೆದುಕೊಂಡು, ಏರಿಯ ಆಚೆ ಇಳಿದು ಹೋದ.

ಸಂಜೆಯ ಹೊತ್ತಿಗೆ ನೀರು ಜೊಂಡಿನ ಸೊಂಟಕ್ಕೆ ಬಂದಿತ್ತು. ಜೇಡಿಯ ಬಿರಡೆ ಒಂದು ಹನಿಯೂ ಜಾರದಂತೆ ಬಿಗಿಯಾಗಿ ಕೂತಿತ್ತು. ಇನ್ನೆರಡು ದಿನದಲ್ಲಿ ಮರಿಗಳನ್ನು ತಂದು ಬಿಡಬಹುದು, ಅಪ್ಪನ ತಳಿ ಉಳಿಯಿತು. ಬೇಕೆಂದು ಹಟ ಹಿಡಿದದ್ದೆಲ್ಲ ಸಿಕ್ಕಿತ್ತು. ಫ್ಲಾವಿ ಏರಿಯ ಮೇಲೆ ಖಾಲಿ ಕೈಗಾಡಿಯ ಪಕ್ಕ ಕೂತು, ಮೇಲಿನ ಕೆರೆಯ ಕಡೆಗೆ ಕಿವಿಗೊಟ್ಟು, ಕತ್ತಲಾಗುವ ತನಕ ಕಾದಳು.